ಅಂಗವಿಕಲರ ಕ್ರೀಡೆ: ಪ್ರತ್ಯೇಕ ಪತ್ರಿಕೆಯೋ, ಎಲ್ಲ ಪತ್ರಿಕೆಗಳ ಒಳಗೋ?

ಪ್ರಶ್ನೆ: ನಾನು ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಕ್ರೀಡಾ ನಿರ್ವಹಣೆಯ ಬಿಬಿಎ ತರಗತಿಗಳಿಗೆ ಪಾಠ ಹೇಳುತ್ತೇನೆ. ಈ ವರ್ಷ ಪಠ್ಯಕ್ರಮ ಪರಿಷ್ಕರಣೆ ನಡೆಯುತ್ತಿದೆ. ಅಂಗವಿಕಲರ ಕ್ರೀಡೆಯನ್ನು ಸೇರಿಸಬೇಕೆಂಬುದಕ್ಕೆ ಅಧ್ಯಯನ ಮಂಡಳಿಯಲ್ಲಿ ಯಾರ ವಿರೋಧವೂ ಇಲ್ಲ. ಆದರೆ ಅದನ್ನು ಪ್ರತ್ಯೇಕ ಆಯ್ಕೆ ಪತ್ರಿಕೆ ಮಾಡಬೇಕೋ, ಇರುವ ಪತ್ರಿಕೆಯೊಂದರಲ್ಲಿ ಘಟಕವಾಗಿ ಇಡಬೇಕೋ ಎಂಬುದು ತೀರ್ಮಾನವಾಗಿಲ್ಲ. ನಮ್ಮ ವಿಭಾಗದಲ್ಲಿ ಯಾರಿಗೂ ಈ ಕ್ಷೇತ್ರದ ನೇರ ಅನುಭವವಿಲ್ಲ. ಏನನ್ನು ಕಲಿಸಬೇಕು, ಎಲ್ಲಿಂದ ಆರಂಭಿಸಬೇಕು?

ಉತ್ತರ: ಈ ಎರಡು ಆಯ್ಕೆಗಳಲ್ಲಿ ಯಾವುದನ್ನೂ ನಾನು ಮೊದಲ ಹೆಜ್ಜೆಯಾಗಿ ಒಪ್ಪಲಾರೆ. ಐದು ಘಟಕಗಳ ಪತ್ರಿಕೆಯಲ್ಲಿ ಐದನೆಯದಾಗಿ ಸೇರಿಸಿದ ವಿಷಯಕ್ಕೆ ಸೆಮಿಸ್ಟರಿನ ಕೊನೆಯಲ್ಲಿ ಏನಾಗುತ್ತದೆ ಎಂಬುದು ಪಾಠ ಹೇಳುವ ನಮಗೆಲ್ಲ ಗೊತ್ತಿರುವುದೇ. ಎರಡು ಗಂಟೆಗಳಲ್ಲಿ ಮುಗಿಸಿ, ಪರೀಕ್ಷೆಗೆ ಟಿಪ್ಪಣಿ ಬರೆಸಿ ಕೈತೊಳೆದುಕೊಳ್ಳುತ್ತೇವೆ. ಆಯ್ಕೆ ಪತ್ರಿಕೆಯ ತೊಂದರೆ ಬೇರೆ. ಅದನ್ನು ಆರಿಸಿಕೊಳ್ಳುವವರು ಮೊದಲೇ ಆಸಕ್ತಿಯಿರುವ ಕೆಲವರು; ಮುಂದೆ ಕ್ರೀಡಾಂಗಣ ನೋಡಿಕೊಳ್ಳುವ, ಲೀಗ್ ನಡೆಸುವ, ಪ್ರಾಯೋಜಕರನ್ನು ಹುಡುಕುವ ಉಳಿದವರೆಲ್ಲ ಈ ವಿಷಯವನ್ನು ಮುಟ್ಟದೆಯೇ ಪದವಿ ಪಡೆಯುತ್ತಾರೆ. ಅಮೆರಿಕದ ಕ್ರೀಡಾ ನಿರ್ವಹಣೆಯ ವಿಭಾಗಗಳಲ್ಲಿ ಈ ಚರ್ಚೆ ನಮಗಿಂತ ಮೊದಲೇ ನಡೆದಿದೆ. ಲೂಯಿವಿಲ್ ವಿಶ್ವವಿದ್ಯಾಲಯದ ಮೇರಿ ಹಮ್ಸ್ ಮತ್ತು ಅವರ ಜೊತೆಗಾರ ಪ್ರಾಧ್ಯಾಪಕರು ವಾದಿಸಿರುವುದು, ಈ ವಿಷಯವನ್ನು ಕಾನೂನು, ಹಣಕಾಸು, ಕೂಟ ನಿರ್ವಹಣೆ, ಸೌಲಭ್ಯ ನಿರ್ವಹಣೆ, ಆಡಳಿತ, ನೀತಿ ಹೀಗೆ ಈಗಾಗಲೇ ಇರುವ ಪ್ರತಿಯೊಂದು ಪತ್ರಿಕೆಯ ಒಳಕ್ಕೂ ಬೆರೆಸಬೇಕೆಂದು. ನನ್ನ ಅಭಿಪ್ರಾಯವೂ ಅದೇ, ಆದರೆ ಕಾರಣ ಸ್ವಲ್ಪ ಬೇರೆ. ಕ್ರೀಡಾ ನಿರ್ವಾಹಕನ ಮೂಲ ಪ್ರಶ್ನೆಗಳು, ಅಂದರೆ ಯಾರು ಯಾರ ವಿರುದ್ಧ ಸ್ಪರ್ಧಿಸಬೇಕು, ಅದನ್ನು ನಿರ್ಧರಿಸುವವರು ಯಾರು, ಆಟದಲ್ಲಿ ಬದಲಿಸಬಾರದ್ದು ಯಾವುದು, ಹಣ ಯಾವ ಉದ್ದೇಶಕ್ಕೆ ಬರುತ್ತದೆ ಎಂಬವು, ಅಂಗವಿಕಲರ ಕ್ರೀಡೆಯಲ್ಲಿ ಮರೆಯಿಲ್ಲದೆ ಎದುರಿಗೆ ನಿಲ್ಲುತ್ತವೆ. ಔದಾರ್ಯಕ್ಕಾಗಿ ಅಲ್ಲ, ನಿಮ್ಮ ಪಾಠ ಉತ್ತಮವಾಗಲೆಂದೇ ಇದನ್ನು ತನ್ನಿ.

ಮೊದಲು ಭೂಪಟವನ್ನು ಸರಿಯಾಗಿ ಬಿಡಿಸಬೇಕು. ವಿದ್ಯಾರ್ಥಿಗಳು, ಕೆಲವೊಮ್ಮೆ ಪತ್ರಿಕಾ ವರದಿಗಳೂ, ಪ್ಯಾರಾಲಿಂಪಿಕ್ಸ್, ಸ್ಪೆಷಲ್ ಒಲಿಂಪಿಕ್ಸ್, ಡೆಫ್‌ಲಿಂಪಿಕ್ಸ್‌ಗಳನ್ನು ಒಂದೇ ಎಂದು ಬಗೆಯುವುದುಂಟು. ಕಿವುಡರ ಅಂತರರಾಷ್ಟ್ರೀಯ ಕೂಟ 1924ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾಯಿತು. ಅದು ಇಂದಿಗೂ ತನ್ನದೇ ಸಂಸ್ಥೆಯಡಿ ನಡೆಯುತ್ತದೆ, 2025ರ ಕೂಟ ಟೋಕಿಯೊದಲ್ಲಿ ನಡೆಯಿತು. ವೈದ್ಯ ಲುಡ್ವಿಗ್ ಗುಟ್‌ಮನ್ 1948ರ ಲಂಡನ್ ಒಲಿಂಪಿಕ್ಸ್ ಆರಂಭದ ದಿನವೇ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಅಂಗಳದಲ್ಲಿ 16 ಮಂದಿ ಗಾಯಾಳುಗಳಿಗೆ ಬಿಲ್ಲುಗಾರಿಕೆ ಸ್ಪರ್ಧೆ ಏರ್ಪಡಿಸಿದರು. ಅದೇ ಬೆಳೆದು 1960ರಲ್ಲಿ ರೋಮ್ ಪ್ಯಾರಾಲಿಂಪಿಕ್ಸ್ ಆಗಿ, 1989ರಲ್ಲಿ ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿಯಾಗಿ ನಿಂತಿತು. ಬೌದ್ಧಿಕ ಅಂಗವೈಕಲ್ಯವುಳ್ಳವರಿಗಾಗಿ ಯೂನಿಸ್ ಕೆನಡಿ ಶ್ರೈವರ್ 1968ರಲ್ಲಿ ಷಿಕಾಗೊದಲ್ಲಿ ಆರಂಭಿಸಿದ ಸ್ಪೆಷಲ್ ಒಲಿಂಪಿಕ್ಸ್‌ನ ಗುರಿ ಪದಕಕ್ಕಿಂತ ಹೆಚ್ಚಾಗಿ ಭಾಗವಹಿಸುವಿಕೆ. ಅಂಧರ ಕ್ರಿಕೆಟ್ ಈ ಮೂರಕ್ಕೂ ಹೊರಗಿದೆ. ಇಷ್ಟು ತಿಳಿಸಲು ಒಂದು ತರಗತಿ ಸಾಕು.

ಹೆಚ್ಚು ಸಮಯ ಕೊಡಬೇಕಾದದ್ದು ವರ್ಗೀಕರಣಕ್ಕೆ. ಇದನ್ನು ವೈದ್ಯಕೀಯ ವಿಷಯವೆಂದು ಬದಿಗಿಡುವ ಅಧ್ಯಾಪಕರನ್ನು ಕಂಡಿದ್ದೇನೆ, ಅದು ತಪ್ಪು. ವರ್ಗೀಕರಣವೆಂದರೆ ಸ್ಪರ್ಧೆಯನ್ನು ಸಂಘಟಿಸುವ ಮೂಲ ನಿಯಮ. ಕುಸ್ತಿಯಲ್ಲಿ ತೂಕ ಮಾಡುವ ಕೆಲಸವನ್ನು ಇಲ್ಲಿ ಅದು ಮಾಡುತ್ತದೆ. ವ್ಯತ್ಯಾಸವೆಂದರೆ ತೂಕಕ್ಕೆ ತಕ್ಕಡಿ ಸಾಕು, ಇಲ್ಲಿ ತರಬೇತಿ ಪಡೆದ ವರ್ಗೀಕರಣಕಾರರ ತಂಡ ಬೇಕು. ಆಟಗಾರನಿಗೆ ಅರ್ಹವಾದ ನ್ಯೂನತೆ ಇದೆಯೇ, ಅದು ಆ ಕ್ರೀಡೆ ಕೇಳುವ ಕನಿಷ್ಠ ಮಟ್ಟವನ್ನು ಮುಟ್ಟುತ್ತದೆಯೇ, ಮುಟ್ಟಿದರೆ ಯಾವ ವರ್ಗ ಎಂಬ ಮೂರು ಪ್ರಶ್ನೆಗಳು ಒಂದಾದ ಮೇಲೊಂದರಂತೆ ಬರುತ್ತವೆ. ಅಥ್ಲೆಟಿಕ್ಸ್‌ನಲ್ಲಿ ಟಿ11ರಿಂದ ಟಿ13ರವರೆಗೆ ದೃಷ್ಟಿದೋಷದವರು, ಟಿ20 ಬೌದ್ಧಿಕ ಅಂಗವೈಕಲ್ಯದವರು, ಎಫ್51ರಿಂದ ಎಫ್57ರವರೆಗೆ ಕುಳಿತು ಎಸೆಯುವವರು ಎಂಬ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಅಗತ್ಯವಿಲ್ಲ. ಅದರ ಪರಿಣಾಮ ಅರ್ಥವಾದರೆ ಸಾಕು.

ನಮ್ಮ ದೇಶದ ವಿದ್ಯಾರ್ಥಿಗೆ ಇಲ್ಲೊಂದು ಮುಖ್ಯ ತೊಡಕನ್ನು ಬಿಡಿಸಿ ಹೇಳಬೇಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ, ಮೀಸಲಾತಿಯಂಥ ಸೌಲಭ್ಯಗಳಿಗೆ ಶೇ. 40ರ ಮಿತಿಯನ್ನು ಇಡುತ್ತದೆ. ಪ್ಯಾರಾಲಿಂಪಿಕ್ ವ್ಯವಸ್ಥೆಯಲ್ಲಿ ಅರ್ಹ ನ್ಯೂನತೆಗಳು ಹತ್ತು ಮಾತ್ರ. ಹಿಮೋಫಿಲಿಯಾ, ಥಲಸ್ಸೇಮಿಯಾ ಇರುವವರು ಕಾಯ್ದೆಯ ಪಟ್ಟಿಯಲ್ಲಿದ್ದಾರೆ, ಪ್ಯಾರಾಲಿಂಪಿಕ್ ಪಟ್ಟಿಯಲ್ಲಿಲ್ಲ, ಶ್ರವಣದೋಷವೂ ಹಾಗೆಯೇ. ಜಿಲ್ಲಾ ಆಸ್ಪತ್ರೆಯ ಪ್ರಮಾಣಪತ್ರ ಹಿಡಿದು ಕೂಟಕ್ಕೆ ಬಂದ ಹುಡುಗನಿಗೆ ನಿನಗೆ ಇಲ್ಲಿ ವರ್ಗವಿಲ್ಲ ಎಂದು ಹೇಳಬೇಕಾದ ಸ್ಥಾನದಲ್ಲಿ ನಾಳೆ ನಿಮ್ಮ ವಿದ್ಯಾರ್ಥಿಯೇ ಇರಬಹುದು. ಅದನ್ನು ಏಕೆ, ಹೇಗೆ, ಯಾವ ಹಂತದಲ್ಲಿ ಹೇಳಬೇಕು, ಮೇಲ್ಮನವಿಯ ದಾರಿ ಯಾವುದು ಎಂಬುದನ್ನು ಅವನು ತಿಳಿದಿರಬೇಕು.

ಈ ವ್ಯವಸ್ಥೆ ಕುಸಿದಾಗ ಏನಾಗುತ್ತದೆ ಎಂಬುದಕ್ಕೆ ಎರಡು ಪ್ರಕರಣಗಳನ್ನು ಆಡಳಿತ ಮತ್ತು ನೀತಿಯ ಪತ್ರಿಕೆಯಲ್ಲಿ ಇಡಿ. 2000ದ ಸಿಡ್ನಿ ಪ್ಯಾರಾಲಿಂಪಿಕ್ಸ್‌ನಲ್ಲಿ ಬೌದ್ಧಿಕ ಅಂಗವೈಕಲ್ಯದ ಬಾಸ್ಕೆಟ್‌ಬಾಲ್ ಚಿನ್ನ ಗೆದ್ದ ಸ್ಪೇನ್ ತಂಡದ 12 ಆಟಗಾರರಲ್ಲಿ 10 ಮಂದಿಗೆ ಅಂಥ ಯಾವ ನ್ಯೂನತೆಯೂ ಇರಲಿಲ್ಲವೆಂಬುದು ಬಯಲಾಯಿತು. ಪದಕ ಹಿಂದಕ್ಕೆ ಹೋಯಿತು, ಅದು ಸರಿ. ಆದರೆ ಆ ಇಡೀ ವಿಭಾಗದ ಸ್ಪರ್ಧೆಗಳನ್ನೇ ಕೈಬಿಡಲಾಗಿ, 2012ರ ಲಂಡನ್ ಕೂಟದವರೆಗೆ ಜಗತ್ತಿನ ಪ್ರಾಮಾಣಿಕ ಆಟಗಾರರೆಲ್ಲ ಹೊರಗುಳಿದರು. ಒಂದು ಒಕ್ಕೂಟದ ಮೋಸಕ್ಕೆ ಯಾರು ಬೆಲೆ ತೆತ್ತರು ಎಂದು ತರಗತಿಯಲ್ಲಿ ಕೇಳಿ, ಅರ್ಹತೆಯನ್ನು ಪರಿಶೀಲಿಸುವ ಹೊಣೆ ಯಾರದಾಗಬೇಕಿತ್ತು ಎಂದೂ ಕೇಳಿ. ಎರಡನೆಯದು ನಮ್ಮದು, ಅದರಲ್ಲಿ ವ್ಯವಸ್ಥೆಯನ್ನಷ್ಟೇ ನೋಡಿದರೆ ಸಾಕು. 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಡಿಸ್ಕಸ್ ಎಸೆತದ ಎಫ್52 ವರ್ಗದಲ್ಲಿ ಮೂರನೆಯವರಾಗಿ ಬಂದ ವಿನೋದ್ ಕುಮಾರ್ ಅವರ ವರ್ಗೀಕರಣ ನಡೆದದ್ದು ಸ್ಪರ್ಧೆಗೆ ಒಂದು ವಾರ ಮೊದಲು. ಸ್ಪರ್ಧೆಯ ಬಳಿಕ ಅದನ್ನು ಪ್ರಶ್ನಿಸಲಾಯಿತು, ಅವರು ಆ ವರ್ಗಕ್ಕೆ ಅರ್ಹರಲ್ಲವೆಂದು ತೀರ್ಮಾನವಾಗಿ ಕಂಚು ಕೈತಪ್ಪಿತು. ವರ್ಷಗಳ ತರಬೇತಿ, ಪ್ರಯಾಣ, ಸರ್ಕಾರದ ಖರ್ಚು ಎಲ್ಲವೂ ಕೊನೆಯ ವಾರದ ಒಂದು ತಪಾಸಣೆಯ ಮೇಲೆ ನಿಂತಿದ್ದರೆ, ಒಕ್ಕೂಟದ ನಿರ್ವಾಹಕ ಅದಕ್ಕೂ ಎರಡು ವರ್ಷ ಮೊದಲು ಏನು ಮಾಡಬೇಕಿತ್ತು?

ವರ್ಗೀಕರಣದ ಬಗ್ಗೆ ಲೆಕ್ಕವನ್ನೂ ಮಾಡಿಸಬಹುದು. ವೀಲ್‌ಚೇರ್ ಬಾಸ್ಕೆಟ್‌ಬಾಲ್‌ನಲ್ಲಿ ಪ್ರತಿ ಆಟಗಾರನಿಗೆ, ನ್ಯೂನತೆ ತೀವ್ರವಾದಷ್ಟೂ ಕಡಿಮೆಯಾಗುವಂತೆ, 1.0ರಿಂದ 4.5ರವರೆಗೆ ಅಂಕವಿದ್ದು, ಅಂಗಳದಲ್ಲಿರುವ ಐವರ ಮೊತ್ತ 14ನ್ನು ಮೀರುವಂತಿಲ್ಲ. ಹನ್ನೆರಡು ಜನರ ಕಾಲ್ಪನಿಕ ತಂಡವೊಂದನ್ನು ಕೊಟ್ಟು, 4.5 ಅಂಕದ ಇಬ್ಬರನ್ನು ಒಟ್ಟಿಗೆ ಇಳಿಸಬೇಕೆಂದರೆ ಉಳಿದ ಮೂವರು ಯಾರಾಗಬೇಕು ಎಂದು ಕೇಳಿ. ಉಳಿಯುವುದು ಐದೇ ಅಂಕ. 1.0 ಅಂಕದ ಆಟಗಾರ ತಂಡಕ್ಕೆ ಎಷ್ಟು ಅಮೂಲ್ಯ ಎಂಬುದನ್ನು ನೀವು ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ.

ಕೂಟ ನಿರ್ವಹಣೆಯ ಪತ್ರಿಕೆಗೆ ಬಂದರೆ ಸಾಮಗ್ರಿಗೆ ಕೊರತೆಯೇ ಇಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಥ್ಲೆಟಿಕ್ಸ್ ವಿಭಾಗದ ಪದಕ ಸ್ಪರ್ಧೆಗಳು 48. ಅದೇ ನಗರದ ಪ್ಯಾರಾಲಿಂಪಿಕ್ಸ್‌ನಲ್ಲಿ 164. ಅದೇ ಟ್ರ್ಯಾಕ್, ಅದೇ ಹಗಲಿರುಳು, ಮೂರು ಪಟ್ಟಿಗೂ ಹೆಚ್ಚು ಫೈನಲ್‌ಗಳು ಮತ್ತು ಪದಕ ಪ್ರದಾನಗಳು. ಟಿ11 ವರ್ಗದ 100 ಮೀಟರ್ ಓಟದಲ್ಲಿ ಪ್ರತಿ ಓಟಗಾರನ ಪಕ್ಕದಲ್ಲಿ ಮಾರ್ಗದರ್ಶಿ ಓಟಗಾರ ಇರುವುದರಿಂದ ಒಬ್ಬರಿಗೆ ಎರಡು ಲೇನ್ ಬೇಕು. ಎಂಟು ಲೇನ್‌ಗಳ ಟ್ರ್ಯಾಕ್‌ನಲ್ಲಿ ಫೈನಲ್‌ಗೆ ನಾಲ್ವರಿಗಷ್ಟೇ ಜಾಗ. ಹಾಗಾದರೆ ಫೈನಲ್‌ಗೆ ಮುನ್ನಿನ ಸುತ್ತಿನ ಓಟಗಳು (ಹೀಟ್‌ಗಳು) ಎಷ್ಟಾಗಬೇಕು, ದಿನ ಎಷ್ಟು ಉದ್ದವಾಗುತ್ತದೆ? ಕುಳಿತು ಎಸೆಯುವ ಸ್ಪರ್ಧೆಯಲ್ಲಿ ಪ್ರತಿಯೊಬ್ಬರ ಎಸೆತದ ಕುರ್ಚಿಯನ್ನು ನೆಲಕ್ಕೆ ಬಿಗಿದು, ಎತ್ತರ 75 ಸೆಂಟಿಮೀಟರ್ ಮೀರಿಲ್ಲವೆಂದು ಅಳೆದು, ಪಟ್ಟಿ ಕಟ್ಟಿ, ಆಮೇಲೆ ಅವರ ಎಲ್ಲ ಯತ್ನಗಳನ್ನೂ ಒಟ್ಟಿಗೆ ಮುಗಿಸುತ್ತಾರೆ. ಸಾಮಾನ್ಯ ಶಾಟ್‌ಪುಟ್‌ನ ವೇಳಾಪಟ್ಟಿಯನ್ನು ಇಲ್ಲಿಗೆ ನಕಲು ಮಾಡಿದರೆ ಮಧ್ಯಾಹ್ನದ ಸ್ಪರ್ಧೆ ಸಂಜೆಗೆ ಜಾರುತ್ತದೆ. ಅಂಧರ ಫುಟ್‌ಬಾಲ್‌ನಲ್ಲಿ ಆಟಗಾರರು ಚೆಂಡಿನ ಸದ್ದನ್ನು ಕೇಳಿಯೇ ಆಡಬೇಕಾದ್ದರಿಂದ ಆಟ ನಡೆಯುವಾಗ ಪ್ರೇಕ್ಷಕರು ಮೌನವಾಗಿರಬೇಕು. ಗದ್ದಲವೇ ಉತ್ಸಾಹವೆಂದು ನಂಬಿದ ನಮ್ಮ ಧ್ವನಿವರ್ಧಕದ ನಿರೂಪಕರಿಗೆ ಇದನ್ನು ಒಪ್ಪಿಸುವುದು ಬೇರೆಯದೇ ಸಾಹಸ.

ಬಜೆಟ್ ಅಭ್ಯಾಸಕ್ಕೆ ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಅವರ ಉದಾಹರಣೆ ಚೆನ್ನಾಗಿ ಹೊಂದುತ್ತದೆ. 1500 ಮೀಟರ್ ಟಿ11 ವರ್ಗದಲ್ಲಿ ಎರಡು ಏಷ್ಯನ್ ಪ್ಯಾರಾ ಕೂಟಗಳ ಚಿನ್ನ ಗೆದ್ದು, ಪ್ಯಾರಿಸ್‌ನಲ್ಲೂ ಓಡಿದವರು ಅವರು. ಪ್ರವೇಶಪಟ್ಟಿಯಲ್ಲಿ ಹೆಸರು ಒಂದು, ವಿಮಾನದ ಟಿಕೆಟ್ ಎರಡು. ಮಾರ್ಗದರ್ಶಿ ಓಟಗಾರ ಅದೇ ವೇಗದಲ್ಲಿ ಓಡಬಲ್ಲವನಾಗಿರಬೇಕು, ವರ್ಷವಿಡೀ ಜೊತೆಗೆ ತರಬೇತಿ ಪಡೆಯಬೇಕು, ಗೆರೆಯನ್ನು ಓಟಗಾರ್ತಿಗಿಂತ ಮೊದಲು ದಾಟಬಾರದು. ಅವನ ಊಟ, ವಸತಿ, ಗಾಯದ ಚಿಕಿತ್ಸೆ, ಕಳೆದುಕೊಂಡ ಸಂಬಳ ಯಾವ ಲೆಕ್ಕದಲ್ಲಿ ಬರುತ್ತವೆ ಎಂದು ಕೇಳಿದರೆ ಹಣಕಾಸಿನ ಪತ್ರಿಕೆಯ ಒಂದು ಒಳ್ಳೆಯ ಪ್ರಶ್ನೆ ಸಿದ್ಧವಾಗುತ್ತದೆ.

ಸಂಘಟನೆ ಸೋತ ಉದಾಹರಣೆಯೂ ಬೇಕು. 2015ರಲ್ಲಿ ಗಾಜಿಯಾಬಾದ್‌ನಲ್ಲಿ ನಡೆದ ರಾಷ್ಟ್ರೀಯ ಪ್ಯಾರಾ ಅಥ್ಲೆಟಿಕ್ಸ್ ಕೂಟದ ವಸತಿ, ಶೌಚಾಲಯ, ಇಳಿಜಾರು ದಾರಿಗಳ ಸ್ಥಿತಿ ದೇಶದಾದ್ಯಂತ ಸುದ್ದಿಯಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಸಮಿತಿ ಭಾರತದ ಪ್ಯಾರಾಲಿಂಪಿಕ್ ಸಮಿತಿಯನ್ನು ಅಮಾನತಿನಲ್ಲಿಟ್ಟಿತು. ಹತ್ತು ವರ್ಷಗಳ ಬಳಿಕ, 2025ರಲ್ಲಿ, ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಇದೇ ದೇಶ ವಿಶ್ವ ಪ್ಯಾರಾ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ನಡೆಸಿತು. ನಡುವೆ ಬದಲಾದದ್ದೇನು, ಬದಲಾಗದೆ ಉಳಿದದ್ದೇನು ಎಂಬುದು ಸ್ನಾತಕೋತ್ತರ ವಿದ್ಯಾರ್ಥಿಗೆ ಒಂದು ಪ್ರಬಂಧಕ್ಕಾಗುವಷ್ಟು ವಿಷಯ.

ಸೌಲಭ್ಯ ನಿರ್ವಹಣೆಯಲ್ಲಿ ಪುಸ್ತಕ ಮುಚ್ಚಿಟ್ಟು ವಿದ್ಯಾರ್ಥಿಗಳನ್ನು ಜಿಲ್ಲಾ ಕ್ರೀಡಾಂಗಣಕ್ಕೆ ಅಳತೆಪಟ್ಟಿ ಕೊಟ್ಟು ಕಳಿಸಿ. ಇಳಿಜಾರು 1:12 ಇದೆಯೇ, ಬಾಗಿಲು 900 ಮಿಲಿಮೀಟರ್ ತೆರೆಯುತ್ತದೆಯೇ ಎಂಬುದು ಎಲ್ಲರೂ ನೋಡುವಂಥದು. ಬಾಸ್ಕೆಟ್‌ಬಾಲ್ ಆಡುವ ವೀಲ್‌ಚೇರಿನ ಗಾಲಿಗಳು ಹೊರಕ್ಕೆ ವಾಲಿರುವುದರಿಂದ ಅದು ನಿತ್ಯದ ಕುರ್ಚಿಗಿಂತ ಅಗಲ, ನಿಯಮದಂತೆ ಕಟ್ಟಿದ ಬಾಗಿಲಲ್ಲೂ ಅದು ಸಿಕ್ಕಿಕೊಳ್ಳಬಹುದು ಎಂಬುದು ಅಲ್ಲಿ ನಿಂತು ನೋಡಿದವರಿಗಷ್ಟೇ ಹೊಳೆಯುತ್ತದೆ. ಒಬ್ಬೊಬ್ಬ ಆಟಗಾರನಿಗೆ ಆಡುವ ಕುರ್ಚಿ ಒಂದು, ಓಡಾಡುವ ಕುರ್ಚಿ ಒಂದು ಇದ್ದರೆ ಇಡಲು ಕೋಣೆ ಎಲ್ಲಿದೆ? ಪ್ರೇಕ್ಷಕರ ಜಾಗದಲ್ಲಿ ಮುಂದಿನ ಸಾಲಿನವರು ಗೋಲಿಗೆ ಎದ್ದು ನಿಂತಾಗ ಹಿಂದೆ ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಏನು ಕಾಣುತ್ತದೆ? ಟಿಕೆಟ್ ಮಾರುವವರು ಇವರೂ ಹಣ ಕೊಟ್ಟು ಬರುವ ಪ್ರೇಕ್ಷಕರೆಂದು ಯೋಚಿಸುವುದು ಇನ್ನೂ ಅಪರೂಪ.

ಕಾನೂನಿನ ಪತ್ರಿಕೆಯಲ್ಲಿ ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೆಯ ಕಲಮನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಏಕೆಂದರೆ ಅದು ಕ್ರೀಡೆಯನ್ನು ಕುರಿತದ್ದು ಮತ್ತು ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುತ್ತದೆ. ನಾನು 16ನೆಯ ಕಲಮಿನಿಂದ ಆರಂಭಿಸುತ್ತೇನೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಅಂಗವಿಕಲ ವಿದ್ಯಾರ್ಥಿಗಳಿಗೆ ಉಳಿದವರ ಸಮನಾಗಿ ಕ್ರೀಡೆ ಮತ್ತು ಮನರಂಜನೆಯ ಅವಕಾಶ ಕೊಡುವಂತೆ ಮಾಡಲು ಸರ್ಕಾರ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಅಂದರೆ ಪ್ರಶ್ನೆ ನಿಮ್ಮ ಕ್ಯಾಂಪಸ್ಸಿಗೇ ಬರುತ್ತದೆ: ನಿಮ್ಮ ಅಂತರಕಾಲೇಜು ಕೂಟದಲ್ಲಿ ಅಂಗವಿಕಲ ವಿದ್ಯಾರ್ಥಿಗೆ ಯಾವ ಸ್ಪರ್ಧೆಯಿದೆ? ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಟಿಮ್ ನ್ಯೂಜೆಂಟ್ ನೇತೃತ್ವದಲ್ಲಿ 1948ರಷ್ಟು ಹಿಂದೆಯೇ ವಿದ್ಯಾರ್ಥಿಗಳ ವೀಲ್‌ಚೇರ್ ಬಾಸ್ಕೆಟ್‌ಬಾಲ್ ತಂಡವಿತ್ತು. ಅಮೆರಿಕದ ಉಳಿದ ಕಡೆ ಎಲ್ಲವೂ ಸಲೀಸಾಗಿತ್ತೆಂದು ಇದರ ಅರ್ಥವಲ್ಲ. ಟಟ್ಯಾನಾ ಮ್ಯಾಕ್‌ಫ್ಯಾಡನ್ 2004ರ ಅಥೆನ್ಸ್‌ನಲ್ಲಿ ಪದಕ ಗೆದ್ದು ಬಂದ ಮೇಲೂ ಮೇರಿಲ್ಯಾಂಡಿನ ತಮ್ಮ ಶಾಲಾ ತಂಡದಲ್ಲಿ ಉಳಿದವರೊಂದಿಗೆ ಟ್ರ್ಯಾಕ್‌ಗಿಳಿಯಲು ನ್ಯಾಯಾಲಯಕ್ಕೆ ಹೋಗಬೇಕಾಯಿತು. 2008ರಲ್ಲಿ ಆ ರಾಜ್ಯ ಅದಕ್ಕಾಗಿಯೇ ಕಾನೂನು ಮಾಡಿತು.

ಅದೇ ಪತ್ರಿಕೆಯಲ್ಲಿ ಗಾಲ್ಫ್ ಆಟಗಾರ ಕೇಸಿ ಮಾರ್ಟಿನ್ ಪ್ರಕರಣಕ್ಕೆ ಒಂದಿಡೀ ತರಗತಿ ಕೊಡಿ. ಕಾಲಿನ ರಕ್ತಸಂಚಾರದ ತೊಂದರೆಯಿಂದ ಉದ್ದ ನಡೆಯಲಾಗದ ಅವರು ಅಮೆರಿಕದ ವೃತ್ತಿಪರ ಗಾಲ್ಫ್ ಸರಣಿಯಾದ ಪಿಜಿಎ ಟೂರ್ ಸ್ಪರ್ಧೆಗಳಲ್ಲಿ ಗಾಡಿ ಬಳಸಲು ಅನುಮತಿ ಕೇಳಿದರು. ಸಂಘಟಕರು ನಡಿಗೆಯೂ ಆಟದ ಭಾಗವೆಂದರು. 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7-2 ಬಹುಮತದಿಂದ ಮಾರ್ಟಿನ್ ಪರವಾಗಿ ತೀರ್ಪಿತ್ತು, ಗಾಡಿಯಲ್ಲಿ ಹೋದರೆ ಆಟದ ಮೂಲ ಸ್ವರೂಪ ಬದಲಾಗುವುದಿಲ್ಲವೆಂದು ಹೇಳಿತು. ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿ ಭಿನ್ನಮತದ ಇಬ್ಬರು ನ್ಯಾಯಾಧೀಶರ ಕಡೆ ನಿಂತರೆ ಗಾಬರಿಯಾಗಬೇಡಿ. ನಿಯಮ ಬದಲಿಸುವ ಅಧಿಕಾರ ಆಟದ ಸಂಸ್ಥೆಗೆ ಎಲ್ಲಿಯವರೆಗೆ ಸೇರಿದ್ದು ಎಂಬ ವಾದ ಅಲ್ಲಿಂದಲೇ ಹುಟ್ಟಬೇಕು.

ಪ್ರಾಯೋಜಕತ್ವದ ಪಾಠದಲ್ಲಿ ಒಂದು ಸಂಗತಿಯನ್ನು ಮರೆಯಬೇಡಿ. 2013ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ನಿಧಿಯನ್ನು ಖರ್ಚು ಮಾಡಬಹುದಾದ ಕೆಲಸಗಳಲ್ಲಿ ಗ್ರಾಮೀಣ ಕ್ರೀಡೆ, ರಾಷ್ಟ್ರೀಯ ಮಾನ್ಯತೆಯ ಕ್ರೀಡೆ ಮತ್ತು ಒಲಿಂಪಿಕ್ ಕ್ರೀಡೆಗಳ ಜೊತೆಗೆ ಪ್ಯಾರಾಲಿಂಪಿಕ್ ಕ್ರೀಡೆಗಳ ತರಬೇತಿಯನ್ನೂ ಹೆಸರಿಸುತ್ತದೆ. ಇದರಿಂದ ಹಣ ಬಂದಿದೆ, ಸಂತೋಷ. ಆದರೆ ಸಿಎಸ್‌ಆರ್ ಹಣಕ್ಕೂ ಜಾಹೀರಾತು ವಿಭಾಗದ ಹಣಕ್ಕೂ ಸ್ವಭಾವವೇ ಬೇರೆ. ಮೊದಲನೆಯದು ಫಲಾನುಭವಿಗಳ ಸಂಖ್ಯೆ ಕೇಳುತ್ತದೆ, ಎರಡನೆಯದು ಪ್ರೇಕ್ಷಕರ ಸಂಖ್ಯೆ ಕೇಳುತ್ತದೆ. ಮೊದಲನೆಯದರ ಮೇಲಷ್ಟೇ ನಿಂತ ಕ್ರೀಡೆ ತನ್ನ ಪ್ರೇಕ್ಷಕರನ್ನು ಬೆಳೆಸುವ ಗೋಜಿಗೆ ಹೋಗುವುದಿಲ್ಲ ಎಂಬುದು ನನ್ನ ಅನಿಸಿಕೆ. ಇದನ್ನು ಪರೀಕ್ಷಿಸಲು ನಿಮ್ಮೂರಲ್ಲೇ ವಿಷಯವಿದೆ. ಅಂಧರ ಕ್ರಿಕೆಟ್‌ಗೆ ಬೆನ್ನೆಲುಬಾದ ಸಮರ್ಥನಂ ಸಂಸ್ಥೆ ಬೆಂಗಳೂರಿನದು. 2012ರ ಅಂಧರ ಟಿ20 ವಿಶ್ವಕಪ್ ನಡೆದದ್ದು ಬೆಂಗಳೂರಿನಲ್ಲಿ, ಗೆದ್ದ ತಂಡದ ನಾಯಕ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯಕ್. ಸದ್ದು ಮಾಡುವ ಪ್ಲಾಸ್ಟಿಕ್ ಚೆಂಡು, ಕೆಳಗೈ ಬೌಲಿಂಗ್, ಹನ್ನೊಂದರಲ್ಲಿ ಕನಿಷ್ಠ ನಾಲ್ವರು ಪೂರ್ಣ ಅಂಧರು, ಅವರು ಹೊಡೆದ ರನ್‌ಗೆ ಇಮ್ಮಡಿ ಲೆಕ್ಕ ಎಂಬ ನಿಯಮಗಳನ್ನು ವಿವರಿಸಿ, ಈ ಆಟವನ್ನು ದೂರದರ್ಶನದ ಪ್ರೇಕ್ಷಕನಿಗೆ ಹೇಗೆ ಮಾರುತ್ತೀರಿ ಎಂದು ಮಾರುಕಟ್ಟೆಯ ವಿದ್ಯಾರ್ಥಿಗಳನ್ನು ಕೇಳಿ. ಕ್ರಿಕೆಟ್ ಪ್ಯಾರಾಲಿಂಪಿಕ್ಸ್‌ನಲ್ಲಿ ಇಲ್ಲದಿರುವಾಗ ಸಿಎಸ್‌ಆರ್ ಅನುಸೂಚಿಯ ಯಾವ ಬಾಬಿನಲ್ಲಿ ಅರ್ಜಿ ಹಾಕುತ್ತೀರಿ ಎಂದೂ ಕೇಳಿ.

ಇನ್ನು ಮಾಡಬಾರದ್ದು. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಬೆಳ್ಳಿ ಗೆದ್ದದ್ದು, ಆ ಕೂಟದಲ್ಲಿ ಭಾರತಕ್ಕೆ ಬಂದ ಏಕೈಕ ಪದಕ ಅದೇ ಆಗಿದ್ದದ್ದು ನಮ್ಮ ಹೆಮ್ಮೆ. ಅದನ್ನು ಕಣ್ಣೀರು ತರಿಸುವ ಕಥೆಯಾಗಿ ಹೇಳಿ ನಿಲ್ಲಿಸಿದರೆ ಅದು ನಿರ್ವಹಣೆಯ ಪಾಠವಾಗುವುದಿಲ್ಲ. ಒಂದು ಪದಕದಿಂದ 2024ರ 29 ಪದಕಗಳಿಗೆ ಹನ್ನೆರಡು ವರ್ಷಗಳಲ್ಲಿ ಈ ದೇಶ ಹೇಗೆ ಬಂತು, ತರಬೇತುದಾರರು, ಶಿಬಿರಗಳು, ನಗದು ಬಹುಮಾನಗಳು, ಉದ್ಯೋಗ ಮೀಸಲು ಇವುಗಳಲ್ಲಿ ಯಾವುದು ಎಷ್ಟು ಕೆಲಸ ಮಾಡಿತು ಎಂದು ಕೇಳಿದಾಗ ಆಗುತ್ತದೆ. ಹಾಗೆಯೇ, ವಿದ್ಯಾರ್ಥಿಗಳಿಗೆ ಕಣ್ಣು ಕಟ್ಟಿ, ಒಂದು ದಿನ ಗಾಲಿಕುರ್ಚಿಯಲ್ಲಿ ಕೂರಿಸಿ ಅನುಭವ ಮಾಡಿಸುವ ಚಟುವಟಿಕೆಯನ್ನು ನಾನು ಸಲಹೆ ಮಾಡುವುದಿಲ್ಲ. ಮೊದಲ ಗಂಟೆಯ ತಡವರಿಕೆಯನ್ನಷ್ಟೇ ಅದು ತೋರಿಸುತ್ತದೆ, ಇಪ್ಪತ್ತು ವರ್ಷ ಆ ಕುರ್ಚಿಯಲ್ಲಿ ಓಡಾಡಿದವರ ನೈಪುಣ್ಯವನ್ನಲ್ಲ. ವಿದ್ಯಾರ್ಥಿ ಮನೆಗೆ ಕೊಂಡೊಯ್ಯುವುದು ಕನಿಕರವನ್ನು. ಗಾಲಿಕುರ್ಚಿಯ ಆಟವನ್ನು ಆಡಿಸಲೇಬೇಕೆಂದಿದ್ದರೆ ನುರಿತ ಆಟಗಾರರ ಎದುರು ಆಡಿಸಿ, ಸೋಲಲಿ.

ನಿಮ್ಮ ವಿಭಾಗದಲ್ಲಿ ಅನುಭವಿಗಳಿಲ್ಲ ಎಂಬುದು ನಿಜವಾದ ಅಡಚಣೆ, ಆದರೆ ಬೆಂಗಳೂರಿನಲ್ಲಿ ಅದಕ್ಕೆ ಪರಿಹಾರ ದುರ್ಲಭವಲ್ಲ. ನಿವೃತ್ತ ಪ್ಯಾರಾ ಆಟಗಾರರು, ತರಬೇತುದಾರರು, ಕೂಟದ ಅಧಿಕಾರಿಗಳು, ವರ್ಗೀಕರಣ ಬಲ್ಲ ಫಿಸಿಯೊಥೆರಪಿಸ್ಟರು ನಗರದಲ್ಲೇ ಸಿಗುತ್ತಾರೆ. ಅವರನ್ನು ವಾರ್ಷಿಕೋತ್ಸವದ ಅತಿಥಿಗಳಾಗಿ ಕರೆದು ಶಾಲು ಹೊದಿಸಿ ಕಳಿಸಬೇಡಿ. ನಾಲ್ಕೈದು ತರಗತಿಗಳನ್ನು ನಿಮ್ಮ ಜೊತೆ ಸೇರಿ ತೆಗೆದುಕೊಳ್ಳುವ ಸಹಬೋಧಕರಾಗಿ ಕರೆಯಿರಿ, ಉಳಿದ ಅತಿಥಿ ಉಪನ್ಯಾಸಕರಿಗೆ ಕೊಡುವಷ್ಟೇ ಸಂಭಾವನೆ ಕೊಡಿ. ಅವರ ಬದುಕಿನ ಕಥೆಯನ್ನಲ್ಲ, ಅವರ ವೃತ್ತಿಯ ವಿಷಯವನ್ನು ಹೇಳಲು ಕೇಳಿ. ಅವರು ಬರುವ ಕೊಠಡಿ ಲಿಫ್ಟ್ ಇರುವ ಮಹಡಿಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಎಲ್ಲವನ್ನೂ ಒಂದೇ ವರ್ಷದಲ್ಲಿ ಮಾಡಲು ಹೋಗಬೇಡಿ. ಬರುವ ಸೆಮಿಸ್ಟರಿನಲ್ಲಿ ಕೂಟ ನಿರ್ವಹಣೆಯ ಪತ್ರಿಕೆಯೊಂದನ್ನು ಮಾತ್ರ ಬದಲಿಸಿ: ಅದರ ಯೋಜನಾ ಕಾರ್ಯವನ್ನು ಒಂದು ದಿನದ ಅಂತರಕಾಲೇಜು ಪ್ಯಾರಾ ಕೂಟದ ಸಂಪೂರ್ಣ ಯೋಜನೆಯಾಗಿ ಮಾಡಿ, ವೇಳಾಪಟ್ಟಿ, ಬಜೆಟ್, ವರ್ಗೀಕರಣದ ವ್ಯವಸ್ಥೆ, ಸಾರಿಗೆ ಮತ್ತು ವಸತಿಗಳಿಗೆ ಆಂತರಿಕ ಅಂಕಗಳನ್ನು ಹಂಚಿ. ಮರುವರ್ಷ ಕಾನೂನು ಮತ್ತು ಸೌಲಭ್ಯ ನಿರ್ವಹಣೆ, ಆಮೇಲೆ ಹಣಕಾಸು ಮತ್ತು ಮಾರುಕಟ್ಟೆ. ಪ್ರತಿಯೊಂದು ಪತ್ರಿಕೆಯ ಪಠ್ಯಕ್ರಮದಲ್ಲೂ ಈ ಭಾಗಕ್ಕೆ ಗಂಟೆಗಳನ್ನು ನಮೂದಿಸಿ, ಪ್ರಶ್ನೆಕೋಶದಲ್ಲಿ ಕಡ್ಡಾಯ ಪ್ರಶ್ನೆಯಾಗಿ ಇಡುವಂತೆ ಅಧ್ಯಯನ ಮಂಡಳಿಯ ನಡಾವಳಿಯಲ್ಲಿ ದಾಖಲಿಸಿ. ಇಲ್ಲದಿದ್ದರೆ ನೀವು ಬೇರೆ ಕಡೆ ಹೋದ ಮರುದಿನವೇ ಅದು ಮಾಯವಾಗುತ್ತದೆ. ಆಯ್ಕೆ ಪತ್ರಿಕೆಯನ್ನು ಮೂರನೆಯ ವರ್ಷದ ಬಳಿಕ, ಅದನ್ನು ಪೂರ್ಣಾವಧಿಗೆ ಬೋಧಿಸಬಲ್ಲ ಒಬ್ಬರು ನಿಮ್ಮ ವಿಭಾಗಕ್ಕೆ ನೇಮಕವಾದಾಗ ಆರಂಭಿಸಬಹುದು. ಆ ಹುದ್ದೆಯ ಜಾಹೀರಾತಿನಲ್ಲಿ ಪ್ಯಾರಾ ಕ್ರೀಡೆಯ ಅನುಭವಕ್ಕೆ ಆದ್ಯತೆಯೆಂದು ಬರೆಯುವಂತೆ ಕುಲಸಚಿವರಿಗೆ ಈಗಲೇ ಒಂದು ಟಿಪ್ಪಣಿ ಕಳಿಸಿ.